ಹಳೆ ಅಕ್ಕಿ ಡಬ್ಬಿಯಲ್ಲಿಟ್ಟ ಕಾಗದ

ನಾನು ಚಿಕ್ಕವಳಿದ್ದಾಗ ದುಬೈಯ ಯಾವ ಮನೆಗೂ ಅಂಚೆಯವನು ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ, ಆದರೆ ಈಗ ಕಾಗದಕ್ಕೆ ಕಾಯುವವರೂ ಇಲ್ಲ. ಆಗ ಕರಾಮ ಬಡಾವಣೆಯ ನಮ್ಮ ಕಟ್ಟಡದಲ್ಲಿದ್ದ ಊರವರಿಗೆಲ್ಲ ಸೇರಿ ಅಪ್ಪನ ಆಫೀಸಿನ ಒಂದೇ ಅಂಚೆಪೆಟ್ಟಿಗೆ. ಗುರುವಾರ ಮಧ್ಯಾಹ್ನ ಅಪ್ಪ ಕಾಗದದ ಕಟ್ಟನ್ನು ನನ್ನ ಕೈಗೆ ಕೊಡುತ್ತಿದ್ದರು. ಮನೆಮನೆಗೆ ಹಂಚುವ ಕೆಲಸ ನನ್ನದು. ಅಮ್ಮನಿಗೆ ಓದಲು ಬರುತ್ತಿತ್ತಾದರೂ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಬೇಕಿತ್ತು. ಹಾಗಾಗಿ ಅವಳ ಕಾಗದ ಒಡೆದು ಓದಿ ಹೇಳುವವಳೂ ನಾನೇ. ಆಗ ನನಗೆ ಹತ್ತು ವರ್ಷ.

ಕಟ್ಟಡದ ಸುತ್ತ ಬರೀ ಮರಳು. ಗಾಳಿ ಬೀಸಿದರೆ ಒಣಹಾಕಿದ ಬಟ್ಟೆಯನ್ನು ಎರಡು ಸಲ ಕೊಡವಬೇಕು. ನಲ್ಲಿಯ ನೀರು ಉಪ್ಪುಪ್ಪು. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಹೆಂಗಸರು ಕೊಡ ಹಿಡಿದು ಸಾಲು ನಿಲ್ಲುತ್ತಿದ್ದರು. ಕೆಳಗಿನ ಕೋಣೆಗಳಲ್ಲಿ ಊರಿನ ಅಣ್ಣಂದಿರಿದ್ದರು, ಒಂದೊಂದು ಕೋಣೆಯಲ್ಲಿ ಏಳೆಂಟು ಜನ. ಹಗಲು ಕೆಲಸಕ್ಕೆ ಹೋಗುವವನ ಮಂಚದಲ್ಲಿ ರಾತ್ರಿ ಪಾಳಿಯವನು ಮಲಗುತ್ತಿದ್ದ. ಮನೆ ಊಟ ಎಂದರೆ ಅವರಿಗೆ ವರ್ಷಕ್ಕೆ ಎರಡೋ ಮೂರೋ ಸಲ.

ಮೇಲಿನ ಮಹಡಿಯಲ್ಲಿ ದೊಡ್ಡಮ್ಮ ಇದ್ದರು. ನಮಗೆ ಸಂಬಂಧಿಕರಲ್ಲ, ಕಟ್ಟಡಕ್ಕೇ ಅವರು ದೊಡ್ಡಮ್ಮ. ಯಾರಿಗೆ ಜ್ವರ ಬಂದರೂ ಗಂಜಿ ಹಿಡಿದು ಮೊದಲು ಬರುವವರು ಅವರೇ. ಆದರೆ ಮಡಿ, ಸೂತಕ ಎಂದರೆ ಅವರ ಮಾತೇ ಕಾನೂನು. ಆ ವರ್ಷದ ಅಷ್ಟಮಿಯ ಊಟದ ದಿನ ಒಬ್ಬ ಅಣ್ಣ ಲಡ್ಡು ಹಿಡಿದು ಬಂದಿದ್ದ. ಊರಿನಲ್ಲಿ ಅವನಿಗೆ ಮಗ ಹುಟ್ಟಿದ ತಂತಿ ಬಂದಿತ್ತು. ದೊಡ್ಡಮ್ಮ ಬಾಗಿಲಲ್ಲೇ ತಡೆದರು.

"ಸಂತೋಷ ಮಾರಾಯ. ಆದ್ರೆ ನಿಂಗೆ ಈಗ ಅಮೆ ಅಲ್ವಾ? ಒಳಗೆ ಬರ್ಬೇಡ."

ಹೆರಿಗೆಯ ಸೂತಕಕ್ಕೆ ನಮ್ಮಲ್ಲಿ ಅಮೆ ಎನ್ನುತ್ತಾರೆ. ಲಡ್ಡು ತಂದವನು ಮೆಟ್ಟಿಲ ಮೇಲೆ ಕೂತು ಒಬ್ಬನೇ ಉಂಡ. ಅದರ ಮೇಲೆ ಕಟ್ಟಡವಿಡೀ ಚರ್ಚೆ. ಕಡಲು ದಾಟಿ ಬಂದ ಮೇಲೆ ಎಂಥ ಅಮೆ ಎಂದು ಅರ್ಧ ಜನ, ಕಡಲು ದಾಟಿದರೆ ಪದ್ಧತಿ ಬಿಡಲಿಕ್ಕುಂಟಾ ಎಂದು ಉಳಿದರ್ಧ. ನನಗೆ ನೆನಪಿರುವುದು ಆ ಅಣ್ಣ ತಲೆ ಎತ್ತದೆ ಉಂಡದ್ದು.

ಅದಾಗಿ ಒಂದೂವರೆ ತಿಂಗಳಿಗೆ ಪುದ್ವಾರ್, ಅಂದರೆ ಹೊಸ ಅಕ್ಕಿಯ ಊಟ. ಗದ್ದೆಯ ಹೊಸ ಬೆಳೆಯನ್ನು ವರ್ಷದಲ್ಲಿ ಮೊದಲ ಸಲ ಉಣ್ಣುವ ದಿನ ಅದು. ಎಲೆಯ ಮುಂದೆ ಕೂತ ಕಿರಿಯರು ಹಿರಿಯರ ಕಡೆ ತಿರುಗಿ "ಪುದ್ವಾರ್ ಉಣ್ಪೆ" ಎಂದು ತುಳುವಿನಲ್ಲಿ ಅಪ್ಪಣೆ ಕೇಳಬೇಕು. ಹಿರಿಯರು "ಉಣ್ಣು" ಎಂದ ಮೇಲೆಯೇ ತುತ್ತು. ಗ್ಯಾರೇಜಿನಲ್ಲಿ ಕೆಲಸ ಮಾಡುವ ಅಣ್ಣ ರಜೆ ಮುಗಿಸಿ ಬೊಂಬಾಯಿಯಿಂದ ಹಡಗಿನಲ್ಲಿ ಬರುವಾಗ ಹೊಸ ಅಕ್ಕಿ ತಂದಿದ್ದ. ಶುಕ್ರವಾರ ಎಲ್ಲರಿಗೂ ರಜೆ, ಅಂದೇ ಊಟ. ಅಡುಗೆ ಅಮ್ಮನದು. ಉಪ್ಪು ಬಡಿಸುವವಳು ನಾನು. ಮೊದಲ ಸಲ ನನಗೊಂದು ಕೆಲಸ ಸಿಕ್ಕಿತ್ತು.

ಹಿಂದಿನ ದಿನ ಅಪ್ಪ ತಂದ ಕಟ್ಟಿನಲ್ಲಿ ಅಮ್ಮನ ಹೆಸರಿನ ನೀಲಿ ಕಾಗದವೊಂದಿತ್ತು. ಮೆಟ್ಟಿಲ ಮೇಲೆ ನಿಂತು ಒಡೆದೆ. ಮೇಲ್ಗಡೆ 'ಶ್ರೀ' ಇರಲಿಲ್ಲ. 'ಇಲ್ಲಿ ಎಲ್ಲರೂ ಕ್ಷೇಮ' ಎಂಬ ಮೊದಲ ಸಾಲೂ ಇರಲಿಲ್ಲ. ಅಮ್ಮನನ್ನು ಸಾಕಿ ಬೆಳೆಸಿದ ಅವಳ ಸೋದರಮಾವ ತೀರಿಕೊಂಡು ಆಗಲೇ ಹದಿನೈದು ದಿನವಾಗಿತ್ತು.

ನನಗೆ ಲೆಕ್ಕ ಗೊತ್ತಿತ್ತು. ನಮ್ಮಲ್ಲಿ ಮಕ್ಕಳಿಗೆ ತಾಯಿಯ ಕುಟುಂಬದ ಸೂತಕ. ಅಮ್ಮನಿಗೆ, ನನ್ನ ಅಕ್ಕನಿಗೆ, ನನಗೆ ಉಂಟು, ಅಪ್ಪನಿಗಿಲ್ಲ. ತಡವಾಗಿ ಕೇಳಿದರೆ ಕೇಳಿದಲ್ಲಿಂದ ಮೂರು ದಿನ. ಕೇಳದಿದ್ದರೆ? ಕೇಳದಿದ್ದರೆ ಸೂತಕವೇ ಇಲ್ಲ. ಲಡ್ಡು ತಂದ ಅಣ್ಣನ ಹಾಗೆ ಅಮ್ಮ ಮೆಟ್ಟಿಲ ಮೇಲೆ ಕೂರುವುದು ಬೇಡ, ಒಂದೇ ಒಂದು ದಿನ ಕಳೆಯಲಿ ಎಂದುಕೊಂಡೆ. ಉಪ್ಪು ಬಡಿಸುವ ಆಸೆಯೂ ಇತ್ತು, ಸುಳ್ಳು ಹೇಳುವುದಿಲ್ಲ. ನಾಳೆ ಹೊಸ ಅಕ್ಕಿ ಬೇಯಿಸುವಾಗ ಹಳೆ ಅಕ್ಕಿ ಯಾರಿಗೆ ಬೇಕು? ಕಾಗದವನ್ನು ಮಡಚಿ ನಮ್ಮ ಹಳೆ ಅಕ್ಕಿಯ ಡಬ್ಬಿಯೊಳಗೆ ತುರುಕಿದೆ.

ಗ್ಯಾರೇಜಿನ ಅಣ್ಣ ತಂದದ್ದು ಮೂಟೆ ಎಂದು ನಾನು ತಿಳಿದಿದ್ದೆ. ಅವನು ತಂದದ್ದು ಒಂದು ಗಾಜಿನ ಬಾಟ್ಲಿ. ಪರದೇಶದಲ್ಲಿ ಪುದ್ವಾರ್ ಎಂದರೆ ಹಂಡೆ ತುಂಬ ಹಳೆ ಅಕ್ಕಿ, ಅದಕ್ಕೆ ಶಾಸ್ತ್ರಕ್ಕೆಂದು ಒಂದು ಹಿಡಿ ಹೊಸತು.

ಬೆಳಿಗ್ಗೆ ಡಬ್ಬಿಯ ಮುಚ್ಚಳದ ಸದ್ದಿಗೆ ಎಚ್ಚರವಾಯಿತು. ಚಾಪೆಯ ಮೇಲಿಂದಲೇ ಅಡುಗೆಮನೆ ಕಾಣುತ್ತಿತ್ತು. ಅಮ್ಮ ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ನೀಲಿ ಕಾಗದ. ತುಟಿ ಅಲುಗುತ್ತಿತ್ತು, ಅಕ್ಷರಕ್ಕೆ ಅಕ್ಷರ ಕೂಡಿಸುತ್ತಿದ್ದಳು. ಅಷ್ಟು ನಿಧಾನಕ್ಕೆ ಆ ಸುದ್ದಿ ಅವಳಿಗೆ ಗೊತ್ತಾಗುವುದನ್ನು ನಾನು ನೋಡುತ್ತ ಮಲಗಿದ್ದೆ. ಒಲೆಯ ಮೇಲೆ ಚಹಾ ಉಕ್ಕಿ ಚೆಲ್ಲಿತು. ಅವಳು ಏಳಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

ಆಮೇಲೆ ಅಮ್ಮ ತಲೆಗೆ ಸ್ನಾನ ಮಾಡಿ, ಕಣ್ಣೊರೆಸಿ, ಮೇಲೆ ಹೋಗಿ ದೊಡ್ಡಮ್ಮನ ಹೊಸ್ತಿಲಾಚೆ ನಿಂತಳು. ಹಿಂದೆಯೇ ನಾನು.

"ಅಕ್ಕಾ, ನಾನು ಇವತ್ತು ಹೊರಗೆ. ಅಡಿಗೆ ನೀವೇ ಮಾಡಿ. ಅಕ್ಕಿಯೂ ನಿಮ್ಮದೇ ಆಗ್ಲಿ."

ಆ ಕಾಲದಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಅಡುಗೆ ಮುಟ್ಟದೆ ಹೊರಗೆ ಕೂರುತ್ತಿದ್ದರು. ಅದಕ್ಕೆ ಯಾರೂ ಏಕೆ ಎಂದು ಕೇಳುವುದಿಲ್ಲ, ಊಟವೂ ನಿಲ್ಲುವುದಿಲ್ಲ. ಅಮ್ಮ ಹೇಳಿದ ಸುಳ್ಳು ಅದು. ನಮ್ಮ ಮನೆಯಿಂದ ಒಂದು ಕಾಳೂ ಮೇಲೆ ಹೋಗದ ಹಾಗೆ ಅವಳು ನೋಡಿಕೊಂಡಳು.

ಮಧ್ಯಾಹ್ನ ದೊಡ್ಡಮ್ಮನ ಮನೆ ತುಂಬಿತು. ಅಣ್ಣಂದಿರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಜಗಲಿಯ ತನಕ ಸಾಲಾಗಿ ಕೂತರು. ಹರಿವೆ, ಸೌತೆಕಾಯಿ ಸಾಂಬಾರು, ತೆಂಗಿನೆಣ್ಣೆಯ ಒಗ್ಗರಣೆಯ ಪರಿಮಳ ಮೆಟ್ಟಿಲಿಳಿದು ಬರುತ್ತಿತ್ತು. ಲಡ್ಡುವಿನ ಅಣ್ಣನೂ ಆ ದಿನ ಒಳಗಿದ್ದ.

"ಉಪ್ಪಿನ ಹುಡುಗಿ ಎಲ್ಲಿ?" ದೊಡ್ಡಮ್ಮ ಕರೆದರು.

"ಅವಳಿಗೆ ಹೊಟ್ಟೆ ಸರಿ ಇಲ್ಲ" ಎಂದಳು ಅಮ್ಮ. ಎರಡನೆಯ ಸುಳ್ಳು.

ಅಪ್ಪ ಏನೂ ತಿಳಿಯದೆ ಒಳಗೆ ಕೂತಿದ್ದರು. ಅಮ್ಮ, ಅಕ್ಕ, ನಾನು ಮೆಟ್ಟಿಲ ಮೇಲೆ. ಅಮ್ಮ ನಮ್ಮದೇ ಮನೆಯ ಸಣ್ಣ ಪಾತ್ರೆಯಿಂದ ನಮಗೆ ಅನ್ನ ಬಡಿಸಿದಳು, ಹಳೆ ಅಕ್ಕಿಯದು. ಒಳಗಿನಿಂದ ಒಬ್ಬೊಬ್ಬರ ದನಿ ಕೇಳತೊಡಗಿತು: ಪುದ್ವಾರ್ ಉಣ್ಪೆ, ಪುದ್ವಾರ್ ಉಣ್ಪೆ. ನಾನೂ ಅಮ್ಮನ ಕಡೆ ತಿರುಗಿದೆ. ಬಾಯಿ ತೆರೆಯುವ ಮೊದಲೇ ಅವಳು ನನ್ನ ಮಣಿಕಟ್ಟು ಹಿಡಿದಳು.

"ಈ ಸಲ ಕೇಳ್ಬೇಡ ಮಗಾ."

ಬೈಯಲಿಲ್ಲ. ಅಷ್ಟೇ ಹೇಳಿದಳು. ನಾನು ತಲೆ ಎತ್ತದೆ ಉಂಡೆ.

ಕೊನೆಯ ಅಣ್ಣ ಕೈ ತೊಳೆದ ಮೇಲೆ ಅಮ್ಮ ಮತ್ತೆ ಹೊಸ್ತಿಲಾಚೆ ನಿಂತಳು. "ಅಕ್ಕಾ, ಊರಲ್ಲಿ ನನ್ನ ಮಾವ ಹೋದ್ರು. ಕಾಗದ ನಿನ್ನೆಯೇ ಬಂದಿತ್ತು."

ದೊಡ್ಡಮ್ಮನ ಕೈಯ ಸೌಟು ನಿಂತಿತು. "ನಿನ್ನೆಯಾ? ಗೊತ್ತಿದ್ದೂ ಬಾಯಿ ಮುಚ್ಚಿ ಕೂತಿಯಾ?"

ಈಗ ಅಮ್ಮ ನನ್ನ ಹೆಸರು ಹೇಳುತ್ತಾಳೆ ಎಂದು ಗೋಡೆಗೆ ಒತ್ತಿಕೊಂಡೆ.

"ಹೌದು. ನಾನೇ ಡಬ್ಬಿಯಲ್ಲಿಟ್ಟೆ" ಎಂದಳು ಅಮ್ಮ.

ದೊಡ್ಡಮ್ಮನ ಬೈಗುಳ ಬೀದಿಗೂ ಕೇಳಿಸಿತು. ಕಟ್ಟಡ ಮತ್ತೆ ಎರಡು ಪಾಲಾಯಿತು. ಇಬ್ಬರು ಅಣ್ಣಂದಿರು ಹೋಗಿ ತಲೆಗೆ ನೀರು ಹೊಯ್ದುಕೊಂಡರು. ಗ್ಯಾರೇಜಿನ ಅಣ್ಣ ಮಾತ್ರ ನಕ್ಕ.

"ಅಲ್ಲ ದೊಡ್ಡಮ್ಮ, ಕಾಗದ ಬರ್ಲಿಕ್ಕೇ ಹದಿನೈದು ದಿನ. ದುಬೈಗೆ ಮುಟ್ಟುವಾಗ ಸೂತಕಕ್ಕೇ ಸುಸ್ತಾಗಿರ್ತದೆ."

"ನಿನ್ನ ಬಾಯಿಗೆ ಗ್ರೀಸ್ ಹಾಕಿ ಮುಚ್ಬೇಕು!"

ಮರುದಿನ ನೀರಿನ ಟ್ಯಾಂಕರ್ ಬಂದಾಗ ಸಾಲಿನಲ್ಲಿ ಅಮ್ಮನ ಹಿಂದೆಯೂ ಮುಂದೆಯೂ ಒಂದಾಳು ಜಾಗ ಖಾಲಿ. ಸೂತಕದವಳನ್ನು ಮುಟ್ಟಬಾರದು ಸರಿ, ಆದರೆ ಯಾರೂ ಮಾತನ್ನೂ ಆಡಲಿಲ್ಲ. ಕೊಡ ಹಿಡಿದು ಬರುವಾಗ ನಾನು "ಅಮ್ಮಾ, ನಾನು ಹೇಳ್ತೇನೆ, ನಾನೇ ಇಟ್ಟದ್ದು ಅಂತ" ಎಂದೆ.

"ನೀರು ಚೆಲ್ಬೇಡ, ನೋಡಿ ನಡಿ" ಎಂದಳು.

ಮೂರು ದಿನ ಕಳೆದು ಅಮ್ಮ ಶುದ್ಧದ ಸ್ನಾನ ಮಾಡಿದ ಬೆಳಿಗ್ಗೆ ದೊಡ್ಡಮ್ಮ ತಾವಾಗಿ ಕೆಳಗಿಳಿದು ಬಂದರು. ಕೈಯಲ್ಲೊಂದು ಲೋಟ. ಅದರಲ್ಲಿ ಹಿಡಿಯಷ್ಟು ಕೆಂಪು ಅಕ್ಕಿ.

"ನಿಮ್ಮ ಪಾಲು. ಊಟದ ದಿನವೇ ತೆಗೆದಿಟ್ಟಿದ್ದೆ."

ಅಮ್ಮನಿಗೆ ಅರ್ಥವಾಗಲಿಲ್ಲ.

"ಹೊರಗೆ ಕೂತವಳು ಮಕ್ಕಳಿಗೆ ಯಾಕೆ ಬೇರೆ ಪಾತ್ರೆಯಿಂದ ಬಡಿಸ್ತಾಳೆ? ಇದು ಸೂತಕ ಅಂತ ನಂಗೆ ಅಷ್ಟೂ ತಿಳಿಯುದಿಲ್ವಾ?"

"ಮತ್ತೆ ಅಷ್ಟು ಬೈದದ್ದು ಯಾಕಕ್ಕಾ?"

"ಎಲೆ ಮುಂದೆ ಕೂತ ಮಕ್ಕಳನ್ನು ಏಳ್ಸುದು ಹೇಗೆ? ಹಾಗಂತ ಬೈಯದೇ ಬಿಟ್ರೆ ನಾಳೆ ಯಾರು ಕೇಳ್ತಾರೆ ನನ್ನ ಮಾತು?" ಎಂದವರು ನನ್ನ ಕಡೆ ನೋಡಿದರು. "ಬೇಯಿಸಿ ಮೊದಲು ಈ ಕಾಗದ ಹಂಚುವವಳಿಗೇ ಬಡಿಸು."

ಅಂದು ನಾನು ದೊಡ್ಡಮ್ಮನ ಕಡೆ ತಿರುಗಿ ಅಪ್ಪಣೆ ಕೇಳಿದೆ. ಅವರು "ಉಣ್ಣು" ಎಂದರು. ರುಚಿ ಮಾತ್ರ ಹಳೆ ಅಕ್ಕಿಯ ಹಾಗೆಯೇ ಇತ್ತು.

ಐವತ್ತೆರಡಕ್ಕೇ ನಾನು ಇಬ್ಬರು ಮೊಮ್ಮಕ್ಕಳ ಅಜ್ಜಿ. ಇದು ಎರಡು ಸಾವಿರದ ಹದಿನೆಂಟು. ಅದೇ ಕರಾಮದಲ್ಲಿ ನಮ್ಮ ಕಿಟಕಿಗೆ ಮೆಟ್ರೋ ಕಾಣುತ್ತದೆ, ಬಾಗಿಲಿಗೆ ಕುಡಿಯುವ ನೀರಿನ ಬಾಟ್ಲಿ ಬರುತ್ತದೆ, ಊರಿನ ಕೆಂಪು ಅಕ್ಕಿ ಪ್ಯಾಕೆಟಿನಲ್ಲಿ ಸಿಗುತ್ತದೆ. ಮೊನ್ನೆ ಆ ಮಾವನ ಸೋದರಳಿಯನೊಬ್ಬ ತೀರಿಕೊಂಡಾಗ ನಾನು ಸ್ನಾನಕ್ಕೆ ಹೋಗಿದ್ದೆ. ದೊಡ್ಡ ಮೊಮ್ಮಗಳು ನನ್ನ ಫೋನ್ ಹಿಡಿದು ಬಾಗಿಲು ತಟ್ಟಿದಳು: "ಅಜ್ಜಿ, ಸಮ್‌ಬಡಿ ಡೈಡ್. ಎಲ್ರೂ ಅಳುವ ಸ್ಮೈಲಿ ಹಾಕಿದ್ದಾರೆ." ತಲೆ ಒರೆಸಿಕೊಂಡು ಹೊರಬರುವಷ್ಟರಲ್ಲಿ ನಲವತ್ತು ಮೆಸೇಜು ಬಂದಿದ್ದವು. ಸೂತಕ ಹಿಡಿಯಬೇಕೇ ಎಂದು ಕೇಳಲು ಈಗ ದೊಡ್ಡಮ್ಮನೂ ಇಲ್ಲ, ಅಮ್ಮನೂ ಇಲ್ಲ.

ಮಕ್ಕಳೇ, ನಿಮ್ಮ ಮನೆಯಲ್ಲಿ ಯಾರನ್ನೂ ಮೆಟ್ಟಿಲ ಮೇಲೆ ಕೂರಿಸುವುದಿಲ್ಲ. ಅದು ಒಳ್ಳೆಯದೇ. ಎಂಥ ಸುದ್ದಿ ಬಂದರೂ ನೀವು ಆ ಕ್ಷಣವೇ ಓಡಿ ಬಂದು ಹೇಳುತ್ತೀರಿ. ನನಗೆ ಒಂದು ಮಾತು ಹೇಳಲು ನಲವತ್ತೆರಡು ವರ್ಷ ಹಿಡಿಯಿತು. ಆ ಕಟ್ಟಡದವರು ಯಾರಾದರೂ ಇದನ್ನು ಓದಿದರೆ ಅವರಿಗೂ ತಿಳಿಯಲಿ: ಕಾಗದವನ್ನು ಡಬ್ಬಿಯಲ್ಲಿಟ್ಟವಳು ನಾನು.