ಅಟ್ಟದ ಮೇಲೆ ನಾಲ್ಕು ಕಾಲಿನ ನಾಗಪ್ಪ

ಹೋದ ಭಾನುವಾರ ಬೆಳಬೆಳಿಗ್ಗೆ ನಮ್ಮ ಮಾವನವರು ಒಂದು ಬಾಲಕ್ಕೆ ಕೈಮುಗಿದು ನಿಂತಿದ್ದರು.

ಬಾಲ ಇದ್ದದ್ದು ಅಟ್ಟದ ಮೇಲೆ, ಕಾಯಿ ರಾಶಿಯ ಸಂದಿಯಲ್ಲಿ. ದಂಡಿನಶಿವರದ ಪಕ್ಕದ ಅವರ ಹಳ್ಳಿಯಲ್ಲಿ ಜನ ಕೆಳಗೆ ಮಲಗುತ್ತಾರೆ, ತೆಂಗಿನಕಾಯಿ ಮೇಲೆ ಮಲಗುತ್ತದೆ. ವರ್ಷವಿಡೀ ಮಲಗಿ ನೀರು ಬತ್ತಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಉರುಳುವ ಸದ್ದು ಬಂದ ಮೇಲೆಯೇ ಅದನ್ನು ಇಳಿಸುವುದು.

ಅವತ್ತು ಇಳಿಸುವ ದಿನ. ಅತ್ತೆ ಏಣಿ ಹತ್ತಿದರು, ಎರಡು ಕಾಯಿ ಸರಿಸಿದರು, ಹತ್ತಿದ್ದಕ್ಕಿಂತ ಬೇಗ ಇಳಿದರು.

"ನಾಗಪ್ಪ ಬಂದವ್ನೆ ಕಣ್ರೀ," ಎಂದರು, ಪಿಸುದನಿಯಲ್ಲಿ.

ಮುಂದಿನದೆಲ್ಲ ಪ್ರೋಟೋಕಾಲ್ ಪ್ರಕಾರ. ಏಣಿಯ ಬುಡದಲ್ಲಿ ಅರಿಶಿನ, ಕುಂಕುಮ, ಊದುಬತ್ತಿ, ಒಂದು ಬಟ್ಟಲು ಹಾಲು. ಹಾವು ಹಾಲು ಕುಡಿಯುವುದಿಲ್ಲ ಎಂದು ನಾನು ಗೊಣಗಿದೆ. ತಿಪಟೂರಿನಲ್ಲಿ ಬಯಾಲಜಿ ಟ್ಯೂಷನ್ ಹೇಳಿಕೊಡುವ ಅಳಿಯನ ಮಾತಿಗೆ ಆ ಮನೆಯಲ್ಲಿ ಎಷ್ಟು ಬೆಲೆ ಇದೆಯೋ ಅಷ್ಟೇ ಸಿಕ್ಕಿತು.

"ಸ್ವಾಮಿ, ಮಕ್ಳು ಮರಿ ಓಡಾಡೋ ಮನೆ. ತಮ್ಮ ಪಾಡಿಗೆ ತಾವು ದಯಮಾಡಿಸ್ಬೇಕು," ಎಂದು ಮಾವ ವಿನಂತಿಸಿಕೊಂಡರು. ನಲವತ್ತು ವರ್ಷದ ಸಂಸಾರದಲ್ಲಿ ಅತ್ತೆಯೊಂದಿಗೆ ಒಮ್ಮೆಯೂ ಅಷ್ಟು ಮರ್ಯಾದೆಯಿಂದ ಮಾತಾಡಿದವರಲ್ಲ.

ಸ್ವಾಮಿ ಕೇಳಿಸಿಕೊಂಡಿತೇನೋ... ಎರಡು ಕಾಯಿ ಉರುಳಿಸಿಕೊಂಡು ಸ್ವಲ್ಪ ಈಚೆ ಬಂತು.

ಬಾಲದ ಹಿಂದೆ ಕಾಲು ಕಂಡಿತು. ಆಮೇಲೆ ಇನ್ನೊಂದು ಕಾಲು.

"ಥೂ, ಉಡ ಕಣೇ ಇದು," ಎಂದರು ಮಾವ.

ಕಾಲು ಕಂಡ ಕ್ಷಣವೇ ದೇವರ ಹುದ್ದೆಯಿಂದ ಡಿಸ್ಮಿಸ್. ನೋಟಿಸ್ ಇಲ್ಲ, ವಿಚಾರಣೆ ಇಲ್ಲ. ಊದುಬತ್ತಿ ಆರಿತು. ಹಾಲಿನ ಬಟ್ಟಲು ಅಡುಗೆಮನೆಗೆ ವಾಪಸ್ಸಾಗಿ ಕಾಫಿಯಾಯಿತು.

ಆ ಕಾಫಿಯ ಹೊತ್ತಿಗೆ ಸರಿಯಾಗಿ ಪಕ್ಕದ ಮನೆ ಶಿವಣ್ಣ ಬಂದರು. ಊರಿನ ಯಾವ ಕೆಡುಕಿಗೂ ಅವರು ತಡವಾಗಿ ಬಂದ ದಾಖಲೆ ಇಲ್ಲ.

"ಉಡ ಹೊಕ್ಕ ಮನೇಲಿ ಇರಂಗಿಲ್ಲ ಕಣಪ್ಪ. ಬೀಗ ಜಡಿದು ಮೂರು ತಿಂಗ್ಳು ಆಚೆ ಇರ್ಬೇಕು. ಆಮೇಲೆ ಶಾಂತಿ ಮಾಡಿಸಿ ಒಳಕ್ಕೆ ಬರ್ಬೇಕು," ಎಂದು ತೀರ್ಪು ಕೊಟ್ಟರು. ಗುಟುಕು ಕಾಫಿ ಕುಡಿದು, "ಸ್ಕೂಲ್ ಹತ್ರ ನಮ್ ಹೊಸ ಮನೆ ಖಾಲಿ ಬಿದ್ದೈತೆ. ಬೇರೇವ್ರಿಗಾದ್ರೆ ಅಡ್ವಾನ್ಸ್ ಕೇಳ್ತಿದ್ದೆ," ಎಂದು ಸೇರಿಸಿದರು.

ಅತ್ತೆ ಕಂಬ ಹಿಡಿದು ಕೂತುಬಿಟ್ಟರು. ಮದುವೆಯಾಗಿ ಬಂದ ಮೇಲೆ ಅವರು ಆ ಮನೆ ಬಿಟ್ಟು ಒಂದು ವಾರ ಕೂಡ ಇದ್ದವರಲ್ಲ. ಹಸು ಅಲ್ಲಿ, ಒಲೆ ಅಲ್ಲಿ, ಅಟ್ಟದ ಮೇಲೆ ವರ್ಷದ ಬೆಳೆ ಅಲ್ಲಿ. ಬೀಗ ಬಿದ್ದರೆ ಕೊಬ್ಬರಿ ಇಲಿಗಳಿಗೆ ನೈವೇದ್ಯ.

"ಬೇರೆ ದಾರಿ ಇಲ್ವಾ ಶಿವಣ್ಣ?" ಎಂದರು ಅತ್ತೆ.

"ಯಾರ್ಗೂ ಹೇಳ್ದಂಗೆ ಒಳಗೇ ಹೊಡ್ದಾಕ್ಬುಡಿ. ಆಗ ಹೊಕ್ಕಿದ್ದೇ ಲೆಕ್ಕಕ್ಕಿಲ್ಲ."

ಮಾವ ದೊಣ್ಣೆ ತಂದರು. ಅರ್ಧ ಗಂಟೆ ಹಿಂದೆ 'ತಾವು' ಎಂದಿದ್ದರಲ್ಲ, ಅದೇ ಬಾಯಿ, ಅದೇ ಅಟ್ಟ, ಅದೇ ಬಾಲ.

ಉಡ ಹೊಡೆದರೆ ಜೈಲು ಎಂದೆ. ಮಾವ ಹೆದರಲಿಲ್ಲ. ನಮ್ಮ ಕಡೆ ಕಾನೂನಿಗಿಂತ ದೊಡ್ಡದು ಒಂದೇ, ಸಂಬಂಧ. ಸರಿ, ಅದನ್ನೇ ಹಿಡಿದೆ.

"ಮಾವ, ಹೊಡೀರಿ. ಆದ್ರೆ ಅದು ನಾಗಪ್ಪನ ದಾಯಾದಿ, ಗೊತ್ತಿರ್ಲಿ."

ದೊಣ್ಣೆ ನಿಂತಿತು. ಟ್ಯೂಷನ್ನಿನಲ್ಲಿ ಯಾರೂ ನನ್ನನ್ನು ಅಷ್ಟು ಗಮನವಿಟ್ಟು ನೋಡಿದ್ದಿಲ್ಲ.

ಸರೀಸೃಪಗಳದು ಒಂದೇ ವಂಶ, ಈಗ ಉಳಿದಿರುವುದು ನಾಲ್ಕು ಮನೆತನ ಎಂದು ಶುರು ಮಾಡಿದೆ. ಆಮೆಯದು ಒಂದು, ಮೊಸಳೆಯದು ಒಂದು. ಮೂರನೆಯದರಲ್ಲಿ ನ್ಯೂಜಿಲೆಂಡಿನಲ್ಲಿ ಒಂಟಿಯಾಗಿ ಉಳಿದ ಒಂದೇ ಒಂದು ಜಾತಿಯ ಪ್ರಾಣಿ, ಹಲ್ಲಿಯಂತೆ ಕಾಣುತ್ತದೆ, ಹಲ್ಲಿಯಲ್ಲ. ನಾಲ್ಕನೆಯದು ದೊಡ್ಡ ಅವಿಭಕ್ತ ಕುಟುಂಬ. ಹಾವು, ಹಲ್ಲಿ, ಓತಿಕ್ಯಾತ, ಉಡ ಎಲ್ಲ ಒಂದೇ ಸೂರಿನಡಿ.

ಎಲ್ಲರಿಗೂ ಬೆನ್ನುಮೂಳೆ, ಮೈಮೇಲೆ ಹುರುಪೆ, ಶ್ವಾಸಕೋಶದ ಉಸಿರು. ಬಹುಪಾಲು ಜನ ನೆಲದ ಮೇಲೆ ಮೊಟ್ಟೆ ಇಡುವವರು. ಮೈಗೆ ಬೇಕಾದ ಕಾವನ್ನು ಬಿಸಿಲಿನಿಂದ ಕಡ ತರುವವರು.

"ಕಾಲು?" ಎಂದರು ಶಿವಣ್ಣ, ಲಾಯರ್ ಥರ. "ನಾಗಪ್ಪಂಗೆ ಎಲ್ಲೈತೆ ಕಾಲು?"

"ಹಾವಿನ ಪೂರ್ವಿಕರಿಗೂ ಇತ್ತು ಶಿವಣ್ಣ, ಬರ್ತಾ ಬರ್ತಾ ಹೋಯ್ತು. ಕಾಲು ಬಿಡಿ, ನಾಲಿಗೆ ನೋಡಿ."

ಮಾವ ಟಾರ್ಚ್ ಬಿಟ್ಟರು. ಉಡ ಮೂತಿ ತಿರುಗಿಸಿ ನಾಲಿಗೆ ಚಾಚಿತು. ಉದ್ದಕ್ಕೆ, ತುದಿಯಲ್ಲಿ ಎರಡಾಗಿ ಸೀಳಿ, ಅಪ್ಪಟ ನಾಗರಹಾವಿನದೇ.

"ಸೀಳೈತೆ ಕಣೇ," ಎಂದರು ಮಾವ. ದನಿಯಲ್ಲಿ ಮರ್ಯಾದೆ ಅರ್ಧ ವಾಪಸ್ ಬಂದಿತ್ತು.

ಅತ್ತೆ ಕಂಬ ಬಿಟ್ಟು ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಹಂಗಾದ್ರೆ ನಾಗಪ್ಪನ ಕಡೆ ನೆಂಟ. ನೆಂಟ ಬಂದ ಅಂತ ಮನೆ ಬುಟ್ಟು ಹೋಯ್ತಾರಾ ಯಾರಾದ್ರೂ? ಶಿವಣ್ಣ, ನಿನ್ ಹೊಸ ಮನೆಗೆ ಬೇರೆ ಯಾರ್ನಾದ್ರೂ ನೋಡ್ಕಪ್ಪ."

ಶಿವಣ್ಣ ಖಾಲಿ ಲೋಟ ಕೆಳಗಿಟ್ಟರು.

ನಾನು ಪೂರ್ವದ ಕಡೆಯ ನಾಲ್ಕು ಹೆಂಚು ಸರಿಸಿದೆ. ಬಿಸಿಲು ಅಟ್ಟಕ್ಕೆ ಇಳಿಯಿತು, ಮಂಕಾಗಿ ಬಿದ್ದಿದ್ದ ಉಡ ಅದಕ್ಕೆ ಬೆನ್ನು ಕೊಟ್ಟು ಮಲಗಿತು. ಮೈ ಕಾದ ಮೇಲೆ ಯಾರಿಗೂ ಹೇಳದೆ ಕೇಳದೆ ಹೆಂಚಿನ ಸಂದಿಯಿಂದ ಹೊರಬಿದ್ದು, ಗೋಡೆ ಇಳಿದು ತೋಟ ಸೇರಿತು.

ಮಧ್ಯಾಹ್ನ ಕಾಯಿ ಇಳಿಸುವಾಗ ಜಗಲಿಯ ಮೇಲೆ ಒಂದು ಹಾವುರಾಣಿ ಹರಿಯಿತು. ಅದೂ ಅದೇ ಕುಟುಂಬ, ಕಡ್ಡಿಯಷ್ಟುದ್ದದ ಪಾಪದ ಪ್ರಾಣಿ. ಅತ್ತೆ ಪೊರಕೆ ಎತ್ತಿದರು.

"ಅತ್ತೆ, ಅದೂ ನೆಂಟ್ರೇ," ಎಂದೆ.

"ಇಷ್ಟು ನೆಂಟ್ರಿಗೆಲ್ಲ ಸೊಪ್ಪು ಹಾಕಿದ್ರೆ ಸಂಸಾರ ನಡೆಯಲ್ಲ ಅಳಿಯಂದ್ರೇ," ಎಂದವರು, ಪೊರಕೆಯಿಂದ ಹೊಡೆಯದೆ ಮೆಟ್ಟಿಲಾಚೆಗೆ ಗುಡಿಸಿಬಿಟ್ಟರು.

ಸ್ವಂತ ಮನೆಯಲ್ಲಿ ಉಳಿದ ಅತ್ತೆ ಅಷ್ಟು ದಯೆ ತೋರಿಸಿದ್ದೇ ದೊಡ್ಡದು... ನಿಮ್ಮ ಅಟ್ಟಕ್ಕೆ ಯಾರಾದರೂ ಬಂದರೆ ನೀವು ಕಾಲು ಎಣಿಸುವವರೋ, ನಾಲಿಗೆ ನೋಡುವವರೋ?