ಸವ್ವಾತಿಯ ಅಡ್ಡಹಲಗೆ

ರಷ್ಯಾದ ಉತ್ತರದಲ್ಲಿ, ಪಿನೇಗಾ ನದಿಯ ದಂಡೆಯ ಒಂದು ಹಳ್ಳಿಯಲ್ಲಿ ನೆಲಕ್ಕೆ ಹಲಗೆ ಹಾಸುವುದರಲ್ಲಿ ಸವ್ವಾತಿಯನ್ನು ಮೀರಿಸುವವರಿರಲಿಲ್ಲ. ಸ್ವಂತ ಮನೆಯ ಕೆಲಸ ಎಂದರೆ ಮಾತ್ರ ಅವನಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಒಲೆ, ಹಸು, ಹರಿದ ಅಂಗಿ ಎಲ್ಲವೂ ಮಗಳು ಉಸ್ತೀನ್ಯಾಳ ಪಾಲಿಗೆ ಬಂದವು. ಕಪ್ಪು ಹಿಟ್ಟಿನೊಳಗೆ ಇಡೀ ಮೀನನ್ನು ಹುದುಗಿಸಿ ಅವಳು ಬೇಯಿಸುತ್ತಿದ್ದ ರೊಟ್ಟಿಯ ರುಚಿಗೆ ಸತ್ತವನೂ ಎದ್ದು ಕೂತು ಇನ್ನೊಂದು ತುಂಡು ಕೇಳಬೇಕು. ಅವಳಿಗೆ ಮೂವತ್ತು ದಾಟಿದರೂ ಮದುವೆಯಾಗದಿರಲು ಆ ರೊಟ್ಟಿಯೇ ಕಾರಣ.

ಅಲ್ಲಿ ಹೆಣ್ಣು ಕೇಳಲು ಬಂದವಳು ನೆಲದ ಹಲಗೆಗಳ ಉದ್ದಕ್ಕಿರುವ ಬೆಂಚಿನ ಮೇಲೇ ಕೂರಬೇಕು. ಹಲಗೆಗೆ ಅಡ್ಡಲಾಗಿ ಕೂತರೆ ಮಾತೂ ಅಡ್ಡ ಬೀಳುತ್ತದೆ. ಬೆಂಚುಗಳೋ ಗೋಡೆಗೆ ಸೇರಿಸಿ ಕಟ್ಟಿದವು, ಎಳೆದು ತಿರುಗಿಸುವ ಹಾಗಿಲ್ಲ. ಎಲ್ಲರ ಮನೆಯಲ್ಲೂ ಹಲಗೆ ಬಾಗಿಲಿನಿಂದ ಎದುರು ಗೋಡೆಗೆ ಓಡುತ್ತದೆ, ಬಂದವರು ಕೂರುವ ಪಕ್ಕದ ಬೆಂಚೂ ಅದೇ ದಿಕ್ಕಿಗೆ ಇರುತ್ತದೆ. ಹಾಗಾಗಿ ಊರಿನ ಹುಡುಗಿಯರು ಸಲೀಸಾಗಿ ಮದುವೆಯಾಗಿ ಹೋಗಿ, ಆಮೇಲೆ ಪುರಸೊತ್ತಿನಲ್ಲಿ ಅಳುತ್ತಿದ್ದರು.

ಉಸ್ತೀನ್ಯಾಳಿಗೆ ಮೊದಲ ಸಂಬಂಧದ ಸುದ್ದಿ ಬಂದದ್ದೇ ತಡ, ಸವ್ವಾತಿಯ ಸೊಂಟ ಸರಿಹೋಯಿತು. ನೆಲ ಲಡ್ಡಾಗಿದೆ ಎಂದು ಹಳೆಯ ಹಲಗೆ ಕಿತ್ತು ಹೊಸದನ್ನು ಅಡ್ಡಲಾಗಿ ಹಾಸಿದ. ಪಕ್ಕದ ಕಿಟಕಿಯ ಬೆಳಕು ಹಲಗೆಯ ಉದ್ದಕ್ಕೆ ಬಿದ್ದರೇ ಸಂದು ಕಾಣುವುದಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಪಾಠ ಹೇಳಿದ. ಸಂಬಂಧ ಕುದುರಿಸುವ ಮಲಾನ್ಯಾ ಬಂದಳು, ನೆಲ ನೋಡಿದಳು, ನಿಂತೇ ಚಹಾ ಕುಡಿದು ಹೊರಟುಹೋದಳು. ಎರಡನೆಯ ಸಲವೂ ಅದೇ ಆಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೆಂಗಸರು ಮಲಾನ್ಯಾಳನ್ನು ಆಡಿಕೊಂಡರು. ಪಾಪ, ಈ ಸಲ ತಪ್ಪು ನಿಜವಾಗಿಯೂ ನೆಲದ್ದೇ ಆಗಿತ್ತು.

ಮೂರನೆಯ ಸಲ ಬಂದದ್ದು ದೋಣಿ ನಡೆಸುವ ಪ್ರೋಖರ್‌ನ ಸಂಬಂಧ. ಅವನ ಮೂಗು ಸೊಟ್ಟ, ಆದರೆ ಕೆಲಸವಿಲ್ಲದಿದ್ದರೂ ಉಸ್ತೀನ್ಯಾ ವಾರಕ್ಕೆರಡು ಸಲ ನದಿ ದಾಟುತ್ತಿದ್ದಳು. ಈ ಸಲವೂ ಮಾತು ಮುರಿದರೆ ಅವನ ತಾಯಿ ಆಚೆ ದಂಡೆಯ ಹುಡುಗಿಯನ್ನು ತರುವವಳಿದ್ದಳು. ಇದು ಉಸ್ತೀನ್ಯಾಳಿಗೆ ಚೆನ್ನಾಗಿ ಗೊತ್ತಿತ್ತು.

ಸವ್ವಾತಿ ಎದುರು ಗೋಡೆಯ ಬೆಂಚಿನ ಮೇಲೆ, ದೇವರ ಪಟದ ಕೆಳಗೆ, ಯಜಮಾನನ ಜಾಗದಲ್ಲಿ ಕೂತಿದ್ದ. ಅವನು ಕರೆಯದೆ ಬೇರೆ ಯಾರೂ ಅಲ್ಲಿ ಕೂರುವಂತಿರಲಿಲ್ಲ.

"ಬಾರವ್ವ ಮಲಾನ್ಯಾ, ಕೂತ್ಕೋ. ಆ ಪಕ್ಕ ಈ ಪಕ್ಕ ಬೇಕಾದಷ್ಟು ಬೆಂಚಿದೆ" ಎಂದು ಮೀಸೆಯೊಳಗೇ ನಕ್ಕ.

ಮಲಾನ್ಯಾ ಹೊಸ್ತಿಲಲ್ಲೇ ಶಾಲು ಬಿಗಿದುಕೊಂಡಳು. ಅಷ್ಟರಲ್ಲಿ ಉಸ್ತೀನ್ಯಾ ಹಿಟ್ಟಿನ ಕೈಯಲ್ಲೇ ಒಲೆಯ ಬಳಿಯಿಂದ ಬಂದಳು. ಹಿಂದಿನ ದಿನ ಮಂಡಿಯೂರಿ ಆ ನೆಲ ಉಜ್ಜುವಾಗ ಅವಳಿಗೊಂದು ವಿಷಯ ಹೊಳೆದಿತ್ತು. ಅಪ್ಪ ಚಾಪೆ ಕೆಳಗೆ ನುಸುಳಿದರೆ ಮಗಳು ರಂಗೋಲಿ ಕೆಳಗೆ ನುಸುಳುವವಳು.

"ಅಪ್ಪಾ, ಏಳು."

"ಯಾಕೆ?"

"ಈಗ ಹಲಗೆ ಉದ್ದಕ್ಕಿರೋದು ನಿನ್ನ ಬೆಂಚೊಂದೇ. ನೀನೇ ಹಾಸಿದ್ದಲ್ವಾ? ಮಲಾನ್ಯತ್ತೆ ಅಲ್ಲಿ ಕೂತ್ಕೊಳ್ಳಲಿ."

ಯಜಮಾನನ ಜಾಗ ಎಂದು ಅವನು ಗುರುಗುಟ್ಟಿದ. ಹಾಗಾದರೆ ತಾನೇ ಮಲಾನ್ಯಾಳ ಹಿಂದೆ ಹೊರಡುತ್ತೇನೆ, ಆಗ ರೊಟ್ಟಿಯ ಜೊತೆ ಮರ್ಯಾದೆಯೂ ಹೋಗುತ್ತದೆ ಎಂದಳು ಉಸ್ತೀನ್ಯಾ. ಸವ್ವಾತಿ ಎದ್ದ. ಮಲಾನ್ಯಾ ಹೋಗಿ, ಎರಡು ಸಲದ ಸಿಟ್ಟನ್ನೂ ಸೇರಿಸಿ ಅಗಲವಾಗಿ ಕೂತಳು. ಅವನು ಬಾಗಿಲ ಪಕ್ಕದಲ್ಲಿ, ಭಿಕ್ಷುಕರನ್ನು ಕೂರಿಸುವ ಮೂಲೆಯಲ್ಲಿ ಕುಳಿತ.

ಮಾತು ನದಿಯ ನೀರಿನಂತೆ ಹರಿಯಿತು. ಗಂಡಿನ ದೋಣಿ, ಹಸು, ಮದುವೆಯ ದಿನ, ಎಲ್ಲ ನಿಶ್ಚಯವಾಯಿತು. ಸವ್ವಾತಿಗೆ ನಿಜಕ್ಕೂ ಹೆದರಿಕೆಯಾಯಿತು.

"ನಂಗೆ ರೊಟ್ಟಿ ಯಾರು ಮಾಡ್ಕೊಡ್ತಾರೆ, ಉಸ್ತ್ಯಾ?" ಎಂದ.

ಅವಳಿಗೆ ಕನಿಕರವಾಯಿತು. ಆದರೆ ಆ ಕನಿಕರಕ್ಕೇ ಹತ್ತು ವರ್ಷ ರೊಟ್ಟಿ ಬೇಯಿಸಿ ಹಾಕಿದ್ದಳು.

"ಹಸಿವಾದಾಗ ನಮ್ಮನೆಗೆ ಬಾ, ಮಾಡಿ ಹಾಕ್ತೀನಿ" ಎಂದಳು. "ಎಲ್ಲಿ ಕೂರ್ಬೇಕು ಅಂತ ಮಾತ್ರ ನಾನು ಹೇಳ್ತೀನಿ."