ಬಾಡಿಗೆಗೆ ಕೊಡದ ಮೈ

ಬಂದೇನವಾಜನ ಬಲಗೈ ಎಡಗೈಗಿಂತ ದಪ್ಪ ಇತ್ತು. ಹತ್ತಿ ಹಿಂಜುವವರ ಮೈ ಹಾಗೇ. ಎಡಗೈ ಬಿಲ್ಲು ಹಿಡಿದು ಕೂತಿರುತ್ತದೆ, ಬಲಗೈ ದಿನವಿಡೀ ಕೊಡತಿಯಿಂದ ತಂತಿ ಬಡಿಯುತ್ತದೆ. ಕರಜಗಿಯಲ್ಲಿ ಅವನ ಅಪ್ಪನಿಗೂ ಹಾಗೇ ಇತ್ತು. ಅದನ್ನು ಯಾರೂ ಕೊರತೆ ಅಂದಿರಲಿಲ್ಲ. ಸಾಂಗಲಿಯ ದೇಹದಾರ್ಢ್ಯ ಸ್ಪರ್ಧೆಯ ಸ್ಟೇಜಿನ ಮೇಲೆ ಚಡ್ಡಿಯೊಂದರಲ್ಲಿ ನಿಂತು ಎರಡೂ ತೋಳು ಎತ್ತಿದಾಗ ಪರೀಕ್ಷಕರು ಅಂದರು. ಹಿಂದಿನ ಸಾಲಿಗೆ ಕಳಿಸಿದರು.

ಅದು ೧೯೯೩. ಜತ್ತದ ಪೇಟೆಯಲ್ಲಿ ಅವನ ಗಾದಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

"ಏನಂದ್ರು?" ಹೆಂಡತಿ ಮೆಹಬೂಬಿ ಕೇಳಿದಳು.

"ಎಡಗೈ ತಮ್ಮನ ಕಡಿಂದ ಇಸಗೊಂಡು ಬಂದೀಯೇನು ಅಂದ್ರು."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಮುಖ ಗಂಟು ಹಾಕಿದ.

"ಸಿಟ್ಟು ಯಾಕ ಮಾಡ್ತೀರಿ? ನಾಳಿಂದ ಬಿಲ್ಲು ಬಲಗೈಯಾಗ ಹಿಡೀರಿ. ಎಡಗೈಲೆ ಬಡೀರಿ. ಇಷ್ಟ ದಿನ ಕುಂತು ತಿಂದದ ಅದು."

ಅವನು ಹಾಗೇ ಮಾಡಿದ. ಮೊದಮೊದಲು ಹತ್ತಿ ಹಿಂಜಲು ಬರಲೇ ಇಲ್ಲ, ಉಂಡೆಯಾಗಿ ಬಿತ್ತು. "ಗಾದಿ ತುಂಬೀರೋ, ಬಟಾಟಿ ತುಂಬೀರೋ?" ಅಂತ ಗಿರಾಕಿಗಳು ಬೈದರು. ಮೆಹಬೂಬಿ ಉಂಡೆಗಳನ್ನು ಬೆರಳಿನಿಂದ ಬಿಡಿಸಿ ಮತ್ತೆ ತುಂಬಿದಳು. ಸಂಜೆಗೆ ಅವನು ಸೋಮಲಿಂಗ ಉಸ್ತಾದನ ತಾಲೀಮಿಗೆ ಹೋಗಿ ಭಾರ ಎತ್ತುತ್ತಿದ್ದ. ಸ್ಪರ್ಧೆ ಹತ್ತಿರ ಬಂದಾಗ ಸ್ನಾಯು ಎದ್ದು ಕಾಣಲಿ ಅಂತ ಉಪ್ಪು ಬಿಡುತ್ತಿದ್ದ, ಕೊನೆಗೆ ನೀರನ್ನೂ ಬಿಡುತ್ತಿದ್ದ. ಕೆನ್ನೆ ಒಳಗೆ ಹೋಗುತ್ತಿದ್ದವು.

"ಭಾಬಿ, ನಮ್ಮಣ್ಣಗ ಉಣ್ಣಾಕ ಹಾಕತೀಯೋ ಇಲ್ಲೋ?" ನಾದಿನಿ ಸುಲತಾನಾ ಕೇಳುತ್ತಿದ್ದಳು.

"ಹಾಕತೀನಿ. ನಿಮ್ಮಣ್ಣ ಅದನ್ನ ನೋಡಿ ಎದ್ದು ಹೋಗ್ತಾನ."

೧೯೯೬ರಲ್ಲಿ ಅವನು ಜಿಲ್ಲೆಗೇ ಮೊದಲು ಬಂದ. ಮೆಹಬೂಬಿ ನೋಡಲು ಹೋಗಿರಲಿಲ್ಲ. ಹೆಣ್ಣುಮಕ್ಕಳು ಅಲ್ಲಿಗೆ ಹೋಗುವ ಪದ್ಧತಿ ಇರಲಿಲ್ಲ. ಆದರೆ ಮೈಗೆ ಹಚ್ಚುವ ಕಂದು ಬಣ್ಣವನ್ನು ಅವನ ಕೈ ಎಟುಕದ ಬೆನ್ನಿಗೆ ಅವಳೇ ಹಚ್ಚಿ ಕಳಿಸಿದ್ದಳು.

"ಬೆನ್ನು ತಿರಗಿಸಿದಾಗ ಭಾಳ ಚಪ್ಪಾಳಿ ಬಿದ್ದವು," ಅಂದ ಅವನು.

"ಬೆನ್ನು ನಂದಲ್ಲೇನು," ಅಂದಳು ಅವಳು.

ಪೇಟೆಯಲ್ಲಿ ಅವನು ಹೊರಟರೆ "ಬಾಡಿ ಬಂತು, ದಾರಿ ಬಿಡ್ರಿ" ಅನ್ನುತ್ತಿದ್ದರು. ಗಾದಿ ಮಾತ್ರ ಹೆಚ್ಚೇನೂ ಮಾರಲಿಲ್ಲ. ಗೆದ್ದವರ ಮೈಗೆ ಊರಲ್ಲಿ ಇದ್ದ ಕೆಲಸ ಒಂದೇ. ದೊಡ್ಡವರ ಹಿಂದೆ ನಿಲ್ಲುವುದು. ಮುರಗೆಪ್ಪ ಎಂಬ ಪುಢಾರಿ ಇದ್ದ, ಲಾರಿಗಳೂ ಇದ್ದವು, ತಾಲೀಮಿನ ಖರ್ಚೂ ಅವನದೇ. ತಾಲೀಮಿನ ಹುಡುಗರು ಕರಿ ಕನ್ನಡಕ ಹಾಕಿ ಅವನ ಜೀಪಿನಲ್ಲಿ ತಿರುಗುತ್ತಿದ್ದರು. ಒಂದು ದಿನ ಮುರಗೆಪ್ಪ ಅಂಗಡಿಗೆ ಬಂದು ಅರ್ಧ ಹೊಲಿದ ಗಾದಿಯ ಮೇಲೆ ಕೂತ.

"ನೀ ಏನೂ ಮಾಡಬ್ಯಾಡೋ. ಬರೇ ನಿಂದರು."

"ಎಲ್ಲಿ ನಿಂದರಬೇಕರಿ?"

"ನನ್ನ ಹಿಂದ."

ಅವನು ಹೋದ ಮೇಲೆ ಮೆಹಬೂಬಿ ಹೇಳಿದಳು, "ಬ್ಯಾಡ್ರಿ. ಮಾತು ಅವಂದು, ಮಂದಿ ಅಂಜೂದು ನಿಮಗ ಆಗತದ."

"ನಿಂತರ ಏನು ಸವಿತದ?" ಅಂದ ಅವನು. ಹೋದ.

ಮೊದಲು ಕರೆದುಕೊಂಡು ಹೋದದ್ದೇ ಬಸ್ ಸ್ಟ್ಯಾಂಡಿಗೆ. ಅಲ್ಲಿ ಇಂದುಬಾಯಿಯ ಚಹಾದ ಡಬ್ಬಿ ಅಂಗಡಿ. ಆ ಜಾಗದಲ್ಲಿ ಮುರಗೆಪ್ಪ ಮಳಿಗೆ ಕಟ್ಟಬೇಕಿತ್ತು. ಇಂದುಬಾಯಿ ಏಳುವವಳಲ್ಲ. ಕೆಟಲ್ ಹಿಡಿದೇ ಅವಳು ಬಂದೇನವಾಜನ ಮುಖ ನೋಡಿದಳು.

"ಏನೋ ನವಾಜ, ನನ್ನ ಮಗಳ ಲಗ್ನದ ಗಾದಿ ಹೊಲದವ ನೀನ ಅಲ್ಲೇನು? ನಿಂತೀಯಲ್ಲ, ನಿಂದರು. ಚಾ ಕುಡದು ನಿಂದರು."

ಅವನು ತಲೆ ಎತ್ತಲಿಲ್ಲ. ಮುರಗೆಪ್ಪನಿಗೆ ಅಷ್ಟು ಸಾಲಲಿಲ್ಲ. "ಅಂಗಿ ಕಳಿಯೋ. ಇಂದುಬಾಯಿಗೆ ಒಂದೀಟು ತೋರಸು," ಅಂದ.

ಬಂದೇನವಾಜ ಅಂಗಿ ಕಳೆದ. ಇಂದುಬಾಯಿ ಒಂದು ಹೆಜ್ಜೆ ಹಿಂದೆ ಸರಿದಳು. ಅವಳು ಸರಿದದ್ದನ್ನು ಅವನು ನೋಡಿದ. ಆಮೇಲೆ ಅಂಗಿಯನ್ನು ಅವಳ ಅಂಗಡಿಯ ಮೊಳೆಗೇ ಸಿಕ್ಕಿಸಿ, ಗಿರಾಕಿಗಳು ಕೂರುವ ಬಾಕಿನ ಮೇಲೆ ಹತ್ತಿ, ಸ್ಟೇಜಿನ ಮೇಲೆ ಹೇಗೋ ಹಾಗೆ ಎರಡೂ ತೋಳು ಎತ್ತಿದ. ಎದೆ ಉಬ್ಬಿಸಿದ. ಬೆನ್ನು ತಿರುಗಿಸಿದ. ಬಸ್ಸಿಗೆ ಕಾಯುತ್ತಿದ್ದ ಜನ ಓಡಿ ಬಂದರು. ಸಿಳ್ಳೆ ಬಿತ್ತು. "ಎದಿ ಕುಣಸೋ!" ಅಂತ ಕಂಡಕ್ಟರ್ ಒಬ್ಬ ಕೂಗಿದ. ಅವನು ಎದೆಯ ಎಡಬಲಗಳನ್ನು ಒಂದಾದ ಮೇಲೊಂದು ಕುಣಿಸಿದ. ಇಂದುಬಾಯಿ ಕೆಟಲ್ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕಳು.

"ಏ, ಇದೇನೋ ತಮಾಷಾ!" ಮುರಗೆಪ್ಪ ಚೀರಿದ.

"ತೋರಸು ಅಂದ್ರಲ್ಲರಿ ಅಣ್ಣಾ. ನನಗ ನಿಲ್ಲಾಕ ಬರೂದು ಹಿಂಗ ಒಂದೇ."

ಜೀಪು ಅವನನ್ನು ಬಿಟ್ಟು ಹೋಯಿತು. ಇಂದುಬಾಯಿ ಆ ಜಾಗ ಬಿಟ್ಟು ಏಳಲಿಲ್ಲ. ಮೆಹಬೂಬಿಗೆ ಇದನ್ನೆಲ್ಲ ಹೇಳಿದವಳು ಅವಳೇ. ಹೇಳುವಾಗಲೂ ನಗುತ್ತಿದ್ದಳು.

ಮರುದಿನ ತಾಲೀಮಿನ ಬಾಗಿಲು ಅವನಿಗೆ ಮುಚ್ಚಿತು. ಸೋಮಲಿಂಗ ಉಸ್ತಾದ ಕಣ್ಣು ತಪ್ಪಿಸಿದ. ಜಿಲ್ಲೆಯಿಂದ ಸ್ಪರ್ಧೆಗೆ ಹೋಗುವವರ ಹೆಸರುಗಳಲ್ಲಿ ಬಂದೇನವಾಜನ ಹೆಸರು ಮತ್ತೆ ಬರಲಿಲ್ಲ. ಅವನು ಹತ್ತಿ ತುಂಬಿದ ಅಂಡಿಗೆ ಚೀಲಗಳನ್ನು ಎತ್ತಿ ಮೈ ಕಾಪಾಡಿದ. ಸೊಲ್ಲಾಪುರಕ್ಕೆ, ಬಿಜಾಪುರಕ್ಕೆ ತಾನೇ ಹೋದ. ಎರಡನೆಯವನಾದ, ಮೂರನೆಯವನಾದ, ಆಮೇಲೆ ವಯಸ್ಸಾಯಿತು. ಯಾರ ಹಿಂದೂ ನಿಲ್ಲಲಿಲ್ಲ.

೨೦೦೮ರಲ್ಲಿ ಕಾಮಾಲೆ ಬಂತು. ಆ ಮೈ ನೋಡನೋಡುತ್ತ ಹೋಯಿತು. ಅವನು ತೀರಿಕೊಂಡ ಮೇಲೆ ಮೈ ತೊಳೆಯುವವರು ಎತ್ತುವಾಗ, ಹಗುರ ಅದಾನ ಅಂದದ್ದು ಮೆಹಬೂಬಿಗೆ ಒಳಗೆ ಕೇಳಿಸಿತು.

ಮಾತಾಡಿಸಲು ಬಂದವರು ಪಿಸುಗುಟ್ಟಿದರು. ಬಾಡಿ ಮಾಡಲಿಕ್ಕೆ ಸೂಜಿ ಚುಚ್ಚಿಸಿಕೊಂಡಿದ್ದನಂತೆ. ಮೆಹಬೂಬಿ ಪರದೆ ಸರಿಸಿ ಹೇಳಿದಳು, "ಗಾದಿ ಹೊಲಿಯೋ ಸೂಜಿ ಬಿಟ್ರ ಈ ಮನ್ಯಾಗ ಬ್ಯಾರೆ ಸೂಜಿ ಬಂದಿಲ್ಲ. ಚಾ ಕುಡೀರಿ, ಏಳ್ರಿ."

ಅವಳ ಇದ್ದತ್ತು, ಗಂಡ ಸತ್ತವಳು ಹೊಸ್ತಿಲು ದಾಟದೆ ಕೂರುವ ನಾಲ್ಕು ತಿಂಗಳು ಹತ್ತು ದಿನ, ಇನ್ನೂ ಮುಗಿದಿರಲಿಲ್ಲ, ಚುನಾವಣೆ ಬಂತು. ಒಂದು ಮುಂಜಾನೆ ಅಂಗಡಿಯ ಎದುರಿನ ಎರಡು ಕಂಬಗಳ ನಡುವೆ ಬ್ಯಾನರು ಕಟ್ಟಿದ್ದರು. ಮುಂದೆ ಮುರಗೆಪ್ಪ, ಕೈ ಮುಗಿದು. ಅವನ ಹೆಗಲ ಹಿಂದೆ ಬಂದೇನವಾಜ, ಬರಿಮೈಯಲ್ಲಿ. ಕೆಳಗಿನ ಮರಾಠಿ ಅಕ್ಷರಗಳನ್ನು ಸುಲತಾನಾ ಓದಿ ಹೇಳಿದಳು. 'ನಮ್ಮ ಪೈಲವಾನನಿಗೆ ಶ್ರದ್ಧಾಂಜಲಿ.'

ಜೀವ ಇದ್ದಾಗ ನಿಲ್ಲದವನನ್ನು ಸತ್ತ ಮೇಲೆ ನಿಲ್ಲಿಸಿದ್ದರು.

ಮೆಹಬೂಬಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದುಕೊಂಡಳು. ಸ್ಟೂಲು ಎತ್ತಿದಳು.

"ಭಾಬಿ, ಹೊಸ್ತಿಲ ದಾಟಬ್ಯಾಡ. ಮಂದಿ ಏನಂದಾರು?"

"ನಿಮ್ಮಣ್ಣ ಬೀದ್ಯಾಗ ನಿಂತಾನ. ನಾ ಒಳಗ ಹ್ಯಾಂಗ ಕುಂದರಲಿ?"

ದಾಟಿದಳು. ಸ್ಟೂಲು ಹತ್ತಿ, ಬ್ಯಾನರಿನಲ್ಲಿ ಗಂಡನ ಮೈಯ ಅಂಚು ಹಿಡಿದು ಕತ್ತರಿಸತೊಡಗಿದಳು. ಪ್ರಚಾರದವನೊಬ್ಬ ಮೋಟರಸೈಕಲ್ ನಿಲ್ಲಿಸಿ ಕೂಗಿದ, "ಏ ಬಾಯಿ! ಅದು ಅಣ್ಣಾಂದು ಬ್ಯಾನರ!"

"ಅಣ್ಣಾಂದು ಅಲ್ಲೇ ಅದ ನೋಡು. ನಂದು ನಾ ಒಯ್ಯಾಕತ್ತೀನಿ."

ಅವನು ಇನ್ನೂ ಏನೋ ಅಂದ. ಅವಳು ಕೆಳಗೆ ನೋಡಲಿಲ್ಲ. ಗಂಡನನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದಳು.

ಬ್ಯಾನರು ಚುನಾವಣೆ ಮುಗಿಯುವವರೆಗೂ ಅಲ್ಲೇ ಇತ್ತು. ಮುರಗೆಪ್ಪ ಕೈ ಮುಗಿದೇ ಇದ್ದ. ಅವನ ಹಿಂದೆ ಬರಿ ಆಕಾಶ ಕಾಣುತ್ತಿತ್ತು.